ಅಜ್ಜನ ಹೆಸರಿನ ಮನೆ, ಇವತ್ತಿನ ರೇಟು: ಕಾರವಾರದ ಹಳೇ ಕೇರಿಗಳಲ್ಲಿ ಏನಾಗುತ್ತಿದೆ?

2024ರ ಕೊನೆಯಲ್ಲಿ ನಮ್ಮ ಮನೆಯ ಅಟ್ಟದಿಂದ ಟ್ರಂಕು ಕೆಳಗಿಳಿಯಿತು. ಪಟ್ಟಣದ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ನಗರಸಭೆಯ ತೆರಿಗೆ ಲೆಕ್ಕದ ಕಂಪ್ಯೂಟರ್ ಪ್ರತಿ, ಕಡ್ಡಾಯ ಅಂತ ಸರ್ಕಾರ ಹೇಳಿತ್ತು. ಮಾರುವ ಯೋಚನೆ ಏನೂ ಇರಲಿಲ್ಲ. ಸುಮ್ನೆ ಕಾಗದ ಸರಿ ಮಾಡಿಟ್ಟುಕೊಳ್ಳೋಣ ಅಂತ ಅಷ್ಟೇ. ಒಳಗೆ ಸಿಕ್ಕಿದ್ದು ಮುತ್ತಜ್ಜನ ಹೆಸರಿನ ಒಂದು ಹಳದಿ ಕಾಗದ, ಅಜ್ಜ ತೆರಿಗೆ ಕಟ್ಟಿದ ರಸೀದಿಗಳು, ಒಂದು ಸತ್ತ ಜಿರಳೆ. ಅಪ್ಪನ ಹೆಸರು ಎಲ್ಲೂ ಇಲ್ಲ.

ಅದೇ ವಾರ ಪಕ್ಕದ ಮನೆಗೆ ಯಾರೋ ಇಬ್ಬರು ಬಂದು "ಜಾಗ ಕೊಡ್ತೀರಾ?" ಅಂತ ಕೇಳಿ ಹೋದರು. ಗಲ್ಲಿಯ ತುದಿಯ ಹಂಚಿನ ಮನೆ ಹೋಗಿ ಅಲ್ಲಿ ಆಗಲೇ ನಾಲ್ಕು ಮಹಡಿ ಎದ್ದಿತ್ತು. ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು ಕೇಳಿದ್ದು ಇಷ್ಟೇ: "ಎಂತ ಮಾರಾಯ, ನಾವು ಇಲ್ಲಿಂದ ಏಳಬೇಕಾ?"

ಆ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ನೀವು ಆ ಗಲ್ಲಿಯಲ್ಲಿ ಯಾರಾಗಿದ್ದೀರಿ ಅನ್ನುವುದರ ಮೇಲೆ ಉತ್ತರ ಬೇರೆ ಬೇರೆ.

ಎರಡು ಪದ

ಮೊದಲನೆಯದು ಪುನರಾಭಿವೃದ್ಧಿ. ಹಳೇ ಕಟ್ಟಡ ಕೆಡವಿ ಅದೇ ಜಾಗದಲ್ಲಿ ಹೊಸದು, ಹೆಚ್ಚಾಗಿ ಎತ್ತರದ್ದು, ಕಟ್ಟುವುದು. ಇಲ್ಲಿ ಬದಲಾಗುವುದು ಕಟ್ಟಡ.

ಎರಡನೆಯದಕ್ಕೆ ಕನ್ನಡದಲ್ಲಿ ರೂಢಿಯ ಪದವಿಲ್ಲ, ಇಂಗ್ಲಿಷಿನ ಜೆಂಟ್ರಿಫಿಕೇಶನ್ ಅನ್ನೇ ಬಳಸುತ್ತೇವೆ. ಇಲ್ಲಿ ಬದಲಾಗುವುದು ಜನ. ಕಡಿಮೆ ಆದಾಯದವರಿದ್ದ ಕೇರಿಗೆ ದುಡ್ಡಿದ್ದವರು ಬರುತ್ತಾರೆ, ಬಾಡಿಗೆ ಏರುತ್ತದೆ, ಅಂಗಡಿಗಳು ಬದಲಾಗುತ್ತವೆ, ಹಳಬರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಈ ಪದವನ್ನು ಹುಟ್ಟಿಸಿದವರು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ, 1964ರಲ್ಲಿ. ಲಂಡನ್ನಿನ ಕಾರ್ಮಿಕರ ಕೇರಿಗಳಿಗೆ ಮಧ್ಯಮ ವರ್ಗದವರು ಬಂದು ಸೇರುತ್ತಿದ್ದುದನ್ನು ನೋಡಿ ಅವರು ಹೀಗೆ ಕರೆದರು. 'ಜೆಂಟ್ರಿ' ಅಂದರೆ ಅಲ್ಲಿಯ ಜಮೀನುದಾರ ಕುಲೀನರು.

ಒಂದು ಆದರೆ ಇನ್ನೊಂದು ಆಗಲೇಬೇಕು ಅಂತೇನಿಲ್ಲ. ಹಳೇ ಮನೆಯವರೇ ಮನೆ ಕೆಡವಿ ಹೊಸದು ಕಟ್ಟಿಕೊಂಡು ಅಲ್ಲೇ ಉಳಿಯಬಹುದು. ಒಂದು ಹಂಚೂ ಕದಲದೆ ಇಡೀ ಗಲ್ಲಿಯ ಜನ ಬದಲಾಗಲೂಬಹುದು. ಗೋಕರ್ಣದಲ್ಲಿ ಇದನ್ನು ನೋಡಬಹುದು, ಮುಂದೆ ಹೇಳುತ್ತೇನೆ.

ಸೀಬರ್ಡ್ ಹಾಗಲ್ಲ ಇದು

ಎತ್ತಂಗಡಿ ಅಂದರೆ ಉತ್ತರ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಕಾಳಿ ನದಿಗೆ ಸೂಪಾದಲ್ಲಿ, ಕದ್ರಾದಲ್ಲಿ ಅಣೆಕಟ್ಟು ಬಂತು, ಕೈಗಾ ಅಣು ವಿದ್ಯುತ್ ಸ್ಥಾವರ ಬಂತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಕಾರವಾರ ಮತ್ತು ಅಂಕೋಲಾ ನಡುವಿನ ಕರಾವಳಿಯ ಸಾವಿರಾರು ಕುಟುಂಬಗಳು ಜಾಗ ಬಿಟ್ಟವು. ತೋಡೂರಿನಂಥ ಕಡೆ ಪುನರ್ವಸತಿ ಕಾಲನಿಗಳಾದವು. ಪರಿಹಾರದ ಕೇಸುಗಳು ದಶಕಗಳ ಕಾಲ ಕೋರ್ಟು ಸುತ್ತಿದವು.

ಆದರೂ ಅಲ್ಲಿ ಒಂದು ವ್ಯವಸ್ಥೆ ಅಂತ ಇತ್ತು. ಅಧಿಸೂಚನೆ, ಸರ್ವೆ, ಪಟ್ಟಿ, 'ನಿರಾಶ್ರಿತ' ಎಂಬ ಹೆಸರು. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯಲ್ಲಿ ಇದು ಇನ್ನಷ್ಟು ಸ್ಪಷ್ಟ. ಪಟ್ಟಣದ ಜಾಗಕ್ಕೆ ಮಾರುಕಟ್ಟೆ ಬೆಲೆ, ಅದರ ಮೇಲೆ ಅಷ್ಟೇ ಮೊತ್ತ ಇನ್ನೊಮ್ಮೆ. ಮೂರು ವರ್ಷದಿಂದ ಅಲ್ಲಿ ವಾಸವಿದ್ದ ಕುಟುಂಬಕ್ಕೆ ಸ್ವಂತ ಜಾಗ ಇಲ್ಲದಿದ್ದರೂ ಅದನ್ನು 'ಬಾಧಿತ ಕುಟುಂಬ' ಅಂತ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತದೆ. ಹೆದ್ದಾರಿ ಅಗಲ ಮಾಡಲು ಜಾಗ ಹೋದರೂ 2015ರಿಂದ ಇದೇ ಲೆಕ್ಕದಲ್ಲಿ ಪರಿಹಾರ.

ಈಗ ಕೇರಿಗಳಲ್ಲಿ ನಡೆಯುತ್ತಿರುವುದರಲ್ಲಿ ಇದ್ಯಾವುದೂ ಇಲ್ಲ. ಇಬ್ಬರು ಖಾಸಗಿಯವರ ನಡುವಿನ ವ್ಯಾಪಾರ ಅದು. ಮಾಲೀಕ ಮಾರಿದ, ಬಿಲ್ಡರ್ ಕೊಂಡ. ಹಿಂಬದಿ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಬಾಡಿಗೆಗಿದ್ದ ಟೇಲರ್ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಕಾರವಾರದಲ್ಲಿ ಜಾಗ ಯಾಕೆ ಇಷ್ಟು ಬಿಗಿ?

ನಕ್ಷೆ ತೆಗೆದು ನೋಡಿ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಉತ್ತರಕ್ಕೆ ಕಾಳಿ ನದಿ, ಪೂರ್ವಕ್ಕೆ ಗುಡ್ಡ ಮತ್ತು ಕಾಡು, ದಕ್ಷಿಣಕ್ಕೆ ಬಿಣಗಾ ದಾಟಿದರೆ ನೌಕಾನೆಲೆ. ಜಿಲ್ಲೆಯ ಮುಕ್ಕಾಲಿಗೂ ಜಾಸ್ತಿ ಭಾಗ ಅರಣ್ಯ. ಹುಬ್ಬಳ್ಳಿ ಹೊಲದ ಕಡೆ ಬೆಳೆದ ಹಾಗೆ ಕಾರವಾರ ಬೆಳೆಯಲಾರದು. ಹೊರಗೆ ಹೋಗಲು ದಾರಿ ಇಲ್ಲದಾಗ ಊರು ಮೇಲಕ್ಕೆ ಹೋಗುತ್ತದೆ. ಮೇಲಕ್ಕೆ ಹೋಗಲು ಸುಲಭದ ಜಾಗ ಯಾವುದು? ಕೋಡಿಬಾಗ, ಹಬ್ಬುವಾಡದಂಥ ಕಡೆ ತೆಂಗಿನ ಮರ, ಬಾವಿ, ಹಿತ್ತಲು ಇಟ್ಟುಕೊಂಡು ನೆಲಕ್ಕೆ ಹತ್ತಿ ಕೂತಿರುವ ಹಂಚಿನ ಮನೆಗಳು.

ಇದರ ಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಈ ನಿಯಮ ಇದೆ. ನಗರಸಭೆಯ ವ್ಯಾಪ್ತಿಯಲ್ಲಿ ಮೊದಲೇ ಕಟ್ಟಡ ತುಂಬಿದ ಪ್ರದೇಶ ಅದರ ಎರಡನೇ ವರ್ಗಕ್ಕೆ ಬರುತ್ತದೆ. ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಸಾಲಿಗಿಂತ ಸಮುದ್ರದ ಕಡೆಗೆ ಹೊಸದಾಗಿ ಕಟ್ಟುವಂತಿಲ್ಲ, ಒಳಗಡೆ ಅನುಮತಿ ಪಡೆದು ಕಟ್ಟಬಹುದು. ಬಸ್ಸಿನಲ್ಲಿ ಮುಂದಿನ ಎರಡು ಸಾಲು 'ಕಾದಿರಿಸಲಾಗಿದೆ' ಅಂದರೆ ಎಲ್ಲರೂ ಮೂರನೇ ಸಾಲಿಗೆ ಮುಗಿಬೀಳುತ್ತಾರಲ್ಲ, ಹಾಗೆ. ಕಡಲತೀರ ಕಾಪಾಡಲು ಮಾಡಿದ ನಿಯಮ, ಸರಿಯೇ. ಆದರೆ ಕಟ್ಟಲು ಸಿಗುವ ಜಾಗ ಕಡಿಮೆಯಾದಷ್ಟೂ ಹಿಂದಿನ ಕೇರಿಯ ಒಂದೊಂದು ಗುಂಟೆಗೂ ಬೆಲೆ ಏರುತ್ತದೆ.

ಕೇಳುವವರೂ ಜಾಸ್ತಿಯಾಗಿದ್ದಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಹುಡುಗರಿಗೆ ಕೋಣೆ ಬೇಕು, ಡಾಕ್ಟರುಗಳಿಗೆ ಫ್ಲ್ಯಾಟ್ ಬೇಕು. ನೌಕಾನೆಲೆಯ ಕೆಲಸಕ್ಕೆ ಬರುವ ಗುತ್ತಿಗೆ ಕಂಪನಿಗಳ ಎಂಜಿನಿಯರುಗಳು. ಗೋವಾ ದುಬಾರಿಯಾಯಿತು ಅಂತ ಗಡಿ ದಾಟಿ ನೋಡುವವರು.

ಹಂಚಿನ ಮನೆಯ ಲೆಕ್ಕ

ಬೆಲೆ ಏರುವುದು ಒಂದು. ಮನೆ ಕೈಬಿಟ್ಟು ಹೋಗುವುದು ಇನ್ನೊಂದು. ಇವೆರಡರ ನಡುವಿನ ಕೊಂಡಿಯನ್ನು ನೀಲ್ ಸ್ಮಿತ್ ಎಂಬ ಭೂಗೋಳಶಾಸ್ತ್ರಜ್ಞ 1979ರಲ್ಲಿ ವಿವರಿಸಿದರು. ಸರಳವಾಗಿ ಹೇಳಿದರೆ, ಒಂದು ಜಾಗ ಈಗ ತರುತ್ತಿರುವ ದುಡ್ಡಿಗೂ ಅದು ತರಬಹುದಾದ ದುಡ್ಡಿಗೂ ನಡುವಿನ ಅಂತರ. ಅಂತರ ಹೆಚ್ಚಾದಷ್ಟೂ ಬಾಗಿಲು ತಟ್ಟುವವರು ಹೆಚ್ಚು.

ಐದು ಗುಂಟೆಯ ಒಂದು ಮನೆ ಹಿಡಿಯಿರಿ. ಅಂಕಿಗಳು ಲೆಕ್ಕಕ್ಕೆ ಮಾತ್ರ. ಮುಂದೆ ಮಾಲೀಕರು, ಹಿಂದೆ ಎರಡು ಬಾಡಿಗೆ ಕೋಣೆ, ಒಂದಕ್ಕೆ ತಿಂಗಳಿಗೆ 2,500 ರೂಪಾಯಿ. ವರ್ಷಕ್ಕೆ 60,000 ಬಂತು. ಅದರಲ್ಲಿ ಮನೆ ತೆರಿಗೆ ಕಟ್ಟಬೇಕು, ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಾಯಿಸಬೇಕು, ಗೆದ್ದಲು ಹಿಡಿದ ರೀಪು ತೆಗೆಸಬೇಕು. ಹಂಚಿನ ಕೆಲಸ ಬಲ್ಲವರು ಈಗ ಸಿಗುವುದೇ ಕಷ್ಟ. ಇನ್ನೊಂದು ಕಡೆ, ಆ ಜಾಗಕ್ಕೆ ಗುಂಟೆಗೆ 15 ಲಕ್ಷ ಅಂತಿಟ್ಟುಕೊಳ್ಳಿ. 75 ಲಕ್ಷ. ಬ್ಯಾಂಕಿನಲ್ಲಿ ಶೇ 7ಕ್ಕೆ ಇಟ್ಟರೆ ವರ್ಷಕ್ಕೆ 5.25 ಲಕ್ಷ. 60,000 ಎಲ್ಲಿ, 5.25 ಲಕ್ಷ ಎಲ್ಲಿ!

ಬಾಡಿಗೆ ಕಡಿಮೆ ಅಂತ ಮಾಲೀಕ ರಿಪೇರಿ ಮಾಡಿಸುವುದಿಲ್ಲ. ರಿಪೇರಿ ಇಲ್ಲ ಅಂತ ಬಾಡಿಗೆ ಏರಿಸಲಾಗುವುದಿಲ್ಲ. ಒಂದು ಜೋರು ಜುಲೈಯಲ್ಲಿ ಗೋಡೆ ಒದ್ದೆಯಾಗಿ ಕೂತರೆ, ಅಲ್ಲಿಗೆ ಮುಗಿಯಿತು.

ಈ ಲೆಕ್ಕದಲ್ಲಿ ಬಾರದ ಸಂಗತಿಗಳೂ ಇವೆ. ಅಂಗಳದಲ್ಲಿ ಒಣಗುವ ಮೀನು, ಹಪ್ಪಳ, ಮುರುಗಲು ಸಿಪ್ಪೆ. ಬಾವಿಯ ನೀರು. ತಿಂಗಳ ಕೊನೆಗೆ ಉದ್ರಿ ಕೊಡುವ ಕಿರಾಣಿ ಅಂಗಡಿ. ಇವಕ್ಕೆ ಗುಂಟೆಗೆ ಇಷ್ಟು ಅಂತ ರೇಟು ಯಾರೂ ಹೇಳುವುದಿಲ್ಲ, ಆದರೆ ಫ್ಲ್ಯಾಟಿಗೆ ಹೋದ ಮೊದಲ ತಿಂಗಳೇ ಖರ್ಚಿನ ರೂಪದಲ್ಲಿ ಗೊತ್ತಾಗುತ್ತದೆ.

ಮಾರುವ ಮನಸ್ಸೇ ಇಲ್ಲದವರಿಗೂ ಬೆಲೆ ಏರಿದ ಬಿಸಿ ತಟ್ಟುತ್ತದೆ. ಮಾರ್ಗಸೂಚಿ ದರ, ನಾವು ಗೈಡೆನ್ಸ್ ವ್ಯಾಲ್ಯೂ ಅನ್ನುತ್ತೇವಲ್ಲ, ಅದು ಸರ್ಕಾರ ನೋಂದಣಿಗಾಗಿ ನಿಗದಿ ಮಾಡುವ ಕನಿಷ್ಠ ಬೆಲೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಇದನ್ನು ಏರಿಸಿದರು. ಈಗ ಪಟ್ಟಣಗಳ ಮನೆ ತೆರಿಗೆಯನ್ನೂ ಇದಕ್ಕೇ ಜೋಡಿಸಲಾಗಿದೆ. ಹಾಗಾಗಿ ನಿಮ್ಮ ಕೈಗೆ ಒಂದು ಪೈಸೆ ಬರದಿದ್ದರೂ ತೆರಿಗೆ ಏರುತ್ತದೆ.

ಬಾಡಿಗೆಯವರ ಕೈಯಲ್ಲಿ ಏನಿದೆ?

ನಿಜ ಹೇಳಬೇಕೆಂದರೆ, ಸ್ವಲ್ಪವೇ. ಹಿಂದೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಅದರ ಬದಲು ಬಂದದ್ದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಇದು ರಕ್ಷಣೆ ಕೊಡುವುದು ಸಣ್ಣ ಬಾಡಿಗೆಗೆ ಮಾತ್ರ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದರೆ ಕಾಯ್ದೆಯಿಂದ ಹೊರಗೆ. ಇವತ್ತು 2,000ಕ್ಕೆ ಏನು ಸಿಗುತ್ತದೆ ಹೇಳಿ?

ಹೊರಗಿದ್ದವರಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬರಹದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ತಿಂಗಳ ಲೆಕ್ಕದ ಬಾಡಿಗೆಯನ್ನು ಕೊನೆಗೊಳಿಸಲು 15 ದಿನದ ನೋಟಿಸು ಸಾಕು. ನೋಟಿಸು ಬಂತು ಅಂದ ಕೂಡಲೇ ಸಾಮಾನು ಬೀದಿಗೆ ಎಸೆಯಬಹುದು ಅಂತ ಅರ್ಥವಲ್ಲ. ಬಿಡದಿದ್ದರೆ ಮಾಲೀಕ ಕೋರ್ಟಿಗೇ ಹೋಗಬೇಕು. ಕರೆಂಟು ತೆಗೆಸುವುದು, ಬಾವಿಗೆ ಬೀಗ ಹಾಕುವುದು, ಹಂಚು ಎಬ್ಬಿಸುವುದು, ಇದೆಲ್ಲ ಕಾನೂನಿನ ದಾರಿ ಅಲ್ಲ. ಹಾಗೆ ಮಾಡುವವರು ಇದ್ದಾರೆ ಅನ್ನುವುದು ಬೇರೆ ಮಾತು.

ಎಲ್ಲರೂ 11 ತಿಂಗಳ ಎಗ್ರಿಮೆಂಟ್ ಯಾಕೆ ಮಾಡುತ್ತಾರೆ ಗೊತ್ತಾ? ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು 11. ಎಗ್ರಿಮೆಂಟೇ ಇಲ್ಲದವರು ಕನಿಷ್ಠ ಬಾಡಿಗೆಯನ್ನು ಬ್ಯಾಂಕು ಅಥವಾ ಯುಪಿಐ ಮೂಲಕ ಕೊಡಲಿ. ಅಡ್ವಾನ್ಸು ವಾಪಸು ಕೇಳುವಾಗ ಆ ದಾಖಲೆ ಬೇಕಾಗುತ್ತದೆ.

ಏಳಬೇಕಾದವರು ಎಲ್ಲಿಗೆ ಹೋಗುತ್ತಾರೆ? ಶಿರವಾಡ, ಕಡವಾಡ, ಅಥವಾ ಕಾಳಿ ದಾಟಿ ಸದಾಶಿವಗಡದ ಕಡೆ. ಬೈತಖೋಲ ಬಂದರಿಗೆ ನಸುಕಿಗೆ ಹೋಗಬೇಕಾದವರಿಗೆ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೆ ಈ ನಾಲ್ಕೈದು ಕಿಲೋಮೀಟರ್ ದೊಡ್ಡ ಸಂಗತಿ. 2024ರ ಆಗಸ್ಟ್ 7ರಂದು ರಾತ್ರೋರಾತ್ರಿ ಕಾಳಿಯ ಹಳೇ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳು ಒಂದೇ ಸೇತುವೆಯ ಮೇಲೆ ಬಿದ್ದದ್ದನ್ನು ಕಂಡವರಿಗೆ ಇದು ಗೊತ್ತು.

ಬೀದಿ ಬದಿ ಮಾರುವವರಿಗೆ ಮಾತ್ರ ಪ್ರತ್ಯೇಕ ಕಾಯ್ದೆ ಇದೆ, 2014ರದ್ದು. ಸರ್ವೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕೆಂದರೆ 30 ದಿನದ ನೋಟಿಸು ಬೇಕು.

ಮುಂಬೈಯಲ್ಲಿರುವ ಚಿಕ್ಕಪ್ಪ

ನಮ್ಮ ಹಳೇ ಕೇರಿಗಳಲ್ಲಿ ಅತಿ ಜಟಿಲವಾದದ್ದು ಇದು. ಮನೆಯಲ್ಲಿ ವಾಸ ಇರುವವರು ಇಬ್ಬರು, ಹಕ್ಕಿರುವವರು ಹದಿನಾಲ್ಕು. ಕೆಲವರು ಮುಂಬೈ, ಕೆಲವರು ಗೋವಾ, ಒಬ್ಬಳು ಅತ್ತೆ ಹುಬ್ಬಳ್ಳಿ. ಮನೆ ಐದು ಲಕ್ಷ ಬಾಳುತ್ತಿದ್ದಾಗ ಯಾರಿಗೂ ಪಾಲಿನ ನೆನಪಿರಲಿಲ್ಲ. 75 ಲಕ್ಷ ಅಂದಾಗ ಎಲ್ಲರಿಗೂ ಬಾಲ್ಯದ ನೆನಪು ಬರುತ್ತದೆ.

ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಪಾಲಾಗಿದ್ದರೆ ಅದಕ್ಕೆ ಧಕ್ಕೆ ಇಲ್ಲ. "ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವಲ್ಲ" ಅನ್ನುವುದು ಕಾಗದದ ಮೇಲೆ ನಿಲ್ಲುವುದಿಲ್ಲ. ಪಾಲು ಬೇಡ ಅನ್ನುವವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಡಬೇಕು.

ಬಿಲ್ಡರುಗಳಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಕೆಲವರು ಮನೆಯವರ ಬಳಿ ಬರುವುದೇ ಇಲ್ಲ, ದೂರದ ಒಬ್ಬ ಪಾಲುದಾರನ ಪಾಲನ್ನಷ್ಟೇ ಮೊದಲು ಕೊಳ್ಳುತ್ತಾರೆ. ಆಮೇಲೆ ಪಾಲು ಕೇಳಿ ದಾವೆ. ಇಂಥ ಹೊತ್ತಿಗೆ ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಎರಡು ಹಳೇ ನಿಯಮಗಳಿವೆ. ಒಂದು, ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ: ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನು ಬಂದು ಒಳಗೆ ಜೊತೆಗೆ ವಾಸ ಮಾಡುತ್ತೇನೆ ಅನ್ನುವಂತಿಲ್ಲ. ಇನ್ನೊಂದು, 1893ರ ವಿಭಜನೆ ಕಾಯ್ದೆಯ 4ನೇ ಕಲಂ: ಆ ಹೊರಗಿನವನು ಪಾಲು ಕೇಳಿ ದಾವೆ ಹಾಕಿದರೆ, ಕೋರ್ಟು ಕಟ್ಟಿದ ಬೆಲೆ ಕೊಟ್ಟು ಆ ಪಾಲನ್ನು ತಾವೇ ಕೊಳ್ಳುತ್ತೇವೆ ಅಂತ ಕುಟುಂಬದ ಪಾಲುದಾರರು ಕೇಳಬಹುದು. ದುಡ್ಡು ಹೊಂದಿಸಬೇಕು ಅನ್ನುವುದೇ ತೊಡಕು.

ಬಿಲ್ಡರ್ ಜೊತೆ ಪಾಲು

ಮಾರುವ ಬದಲು ಜಾಗ ನಮ್ಮದು, ಕಟ್ಟುವ ಖರ್ಚು ನಿಮ್ಮದು, ಫ್ಲ್ಯಾಟ್ ಹಂಚಿಕೊಳ್ಳೋಣ ಅನ್ನುವ ಪದ್ಧತಿ ಇದೆ. ಜಂಟಿ ಅಭಿವೃದ್ಧಿ ಒಪ್ಪಂದ, ಜನರ ಬಾಯಲ್ಲಿ ಜೆಡಿಎ. ಗೇಣಿಗೆ ಗದ್ದೆ ಕೊಟ್ಟು ಬೆಳೆ ಹಂಚಿಕೊಂಡ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಬೆಳೆ ಬರದಿದ್ದರೆ ಗದ್ದೆಯೂ ಇರುವುದಿಲ್ಲ, ಮನೆ ಆಗಲೇ ನೆಲಸಮ ಆಗಿರುತ್ತದೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಇದೆಯಲ್ಲ ಅಂತ ಕೇಳುತ್ತಾರೆ. 2016ರ ಆ ಕಾಯ್ದೆಯಲ್ಲಿ ನೋಂದಾಯಿಸಿದ ಯೋಜನೆಗಳ ಬಿಲ್ಡರ್, ಗಿರಾಕಿಗಳ ದುಡ್ಡಿನ ಶೇ 70ನ್ನು ಬೇರೆ ಖಾತೆಯಲ್ಲಿ ಇಡಬೇಕು, ಅವಧಿ ಹೇಳಬೇಕು. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಫ್ಲ್ಯಾಟ್ 8 ಮೀರದಿದ್ದರೆ, ನೋಂದಣಿ ಕಡ್ಡಾಯವಲ್ಲ. ಒಂದು ಗುಂಟೆ ಅಂದರೆ 101 ಚದರ ಮೀಟರ್ ಚಿಲ್ಲರೆ. ಅಂದರೆ ನಾಲ್ಕೂವರೆ ಗುಂಟೆಯ ಹಿತ್ತಲಿನಲ್ಲಿ ಏಳುವ ಕಟ್ಟಡಕ್ಕೆ ರೇರಾದ ಕಾವಲು ಇಲ್ಲ. ನಮ್ಮ ಹಳೇ ಕೇರಿಗಳ ಎಷ್ಟೋ ಜಾಗ ಇದೇ ಅಳತೆಯದ್ದು! ಅಲ್ಲಿ ನಿಮ್ಮನ್ನು ಕಾಯುವುದು ನೀವು ಬರೆಸಿದ ಒಪ್ಪಂದ ಮಾತ್ರ.

ಅದರಲ್ಲಿ ಇರಬೇಕಾದದ್ದು: ಯಾವ ಮಹಡಿಯ ಯಾವ ಫ್ಲ್ಯಾಟ್ ನಿಮ್ಮದು ಅಂತ ನಕ್ಷೆ ಸಮೇತ, ಕಟ್ಟುವಷ್ಟು ಕಾಲ ನಿಮ್ಮ ಬಾಡಿಗೆ ಯಾರು ಕೊಡುತ್ತಾರೆ, ತಡವಾದರೆ ಎಷ್ಟು ದಂಡ, ಬಾವಿ ಉಳಿಯುತ್ತದಾ. ಎಲ್ಲಕ್ಕಿಂತ ಮುಖ್ಯ, ಜೊತೆಗೆ ಸಹಿ ಹಾಕಿಸಿಕೊಳ್ಳುವ ಜಿಪಿಎ, ಅಂದರೆ ಅಧಿಕಾರ ಪತ್ರ, ಅದು ಬಿಲ್ಡರನ ಪಾಲಿನ ಫ್ಲ್ಯಾಟುಗಳಿಗಷ್ಟೇ ಸೀಮಿತವಾಗಿದೆಯಾ ನೋಡಿ. ಇಡೀ ಜಾಗಕ್ಕೆ ಕೊಟ್ಟರೆ ನಿಮ್ಮ ಪಾಲನ್ನೂ ಅವರೇ ಮಾರಬಹುದು ಅಥವಾ ಅಡವಿಡಬಹುದು.

ಗೋಕರ್ಣ, ಶಿರಸಿ

ಗೋಕರ್ಣದಲ್ಲಿ ಎಷ್ಟೋ ಮನೆ ಹಾಗೇ ಇದೆ, ಒಳಗಿನ ಬಳಕೆ ಬದಲಾಗಿದೆ. ತಿಂಗಳಿಗೆ 6,000 ಬಾಡಿಗೆ ತರುವ ಕೋಣೆಯನ್ನು ಪ್ರವಾಸಿಗರಿಗೆ ರಾತ್ರಿಗೆ 2,000ದಂತೆ ಹತ್ತು ರಾತ್ರಿ ಕೊಟ್ಟರೆ 20,000 ಆಯಿತು. ಹಾಗಿದ್ದಾಗ ಶಾಲೆಯ ಮಾಸ್ತರಿಗೆ, ಬ್ಯಾಂಕಿನ ಗುಮಾಸ್ತನಿಗೆ ಯಾರು ಕೋಣೆ ಕೊಡುತ್ತಾರೆ? ಮನೆ ಕೆಡವದೆಯೇ ಜನ ಬದಲಾಗುತ್ತಾರೆ ಅಂತ ಮೊದಲು ಹೇಳಿದ್ದು ಇದನ್ನೇ.

ಶಿರಸಿಯದು ಬೇರೆ. ಅಲ್ಲಿ ಸಮುದ್ರವಿಲ್ಲ, ಸಿಆರ್‌ಝಡ್ ಇಲ್ಲ. ಅಡಿಕೆ ತೋಟದವರು ಮಕ್ಕಳ ಓದಿಗೆ, ವಯಸ್ಸಾದ ಮೇಲೆ ಆಸ್ಪತ್ರೆ ಹತ್ತಿರ ಇರಲಿ ಅಂತ ಪೇಟೆಯಲ್ಲಿ ಮನೆ ಮಾಡುತ್ತಾರೆ. ಹೊರಗಿನವರು ಬಂದರು ಅಂತ ಅಲ್ಲಿ ಹೇಳಲಾಗುವುದಿಲ್ಲ, ಬಂದವರು ತಾಲೂಕಿನವರೇ. ಬಾಡಿಗೆಯವರಿಗೆ ತಟ್ಟುವ ಬಿಸಿ ಮಾತ್ರ ಅಲ್ಲೂ ಇಷ್ಟೇ.

ಟ್ರಂಕಿನ ಕಾಗದಗಳಿಗೆ ಅರ್ಥ ಏನು?

ಖಾತಾ ಅಂದರೆ ಒಡೆತನ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ತೆರಿಗೆ ಯಾರಿಂದ ಪಡೆಯಬೇಕು ಅಂತ ನಗರಸಭೆ ಇಟ್ಟುಕೊಂಡ ಲೆಕ್ಕ ಅದು. ಒಡೆತನ ಹೇಳುವುದು ಕ್ರಯಪತ್ರ, ಪಾಲುಪತ್ರ, ಉಯಿಲು, ದಾನಪತ್ರದಂಥವು. ಇ-ಖಾತಾ ಆ ಲೆಕ್ಕದ ಕಂಪ್ಯೂಟರ್ ರೂಪ. ಪಟ್ಟಣಗಳಿಗೆ ಇ-ಆಸ್ತಿ, ಪಂಚಾಯತಿಗೆ ಇ-ಸ್ವತ್ತು ಎಂಬ ತಂತ್ರಾಂಶದಿಂದ ಬರುತ್ತದೆ.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಪೇಟೆಯ ಹಳೇ ಕಾಗದಗಳಲ್ಲಿ ಸಿಟಿ ಸರ್ವೆ ನಂಬರ್ ಕಂಡರೆ ಗಾಬರಿಯಾಗಬೇಡಿ. ಕೆಲವು ಕಡೆ 'ಮೂಲಗೇಣಿ' ಅನ್ನುವ ಪದವೂ ಸಿಗಬಹುದು. ಅಂದರೆ ಮನೆ ನಿಮ್ಮದು, ನೆಲ ಬೇರೆಯವರಿಂದ ಶಾಶ್ವತ ಗೇಣಿಗೆ ಪಡೆದದ್ದು. ಅಂಥ ಕಾಗದವನ್ನು ವಕೀಲರಿಗೆ ತೋರಿಸದೆ ಯಾವ ಮಾತುಕತೆಗೂ ಕೂರಬೇಡಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರದ್ದು ಇನ್ನೊಂದು ದಾರಿ. ಪಟ್ಟಣದಲ್ಲಿ ಅವರ ಅರ್ಜಿ ಭೂಕಂದಾಯ ಕಾಯ್ದೆಯ 94ಸಿಸಿ ಅಡಿ ಹೋಗುತ್ತದೆ, ಸಿಕ್ಕರೆ ಹಕ್ಕುಪತ್ರ. ಅದರ ಷರತ್ತುಗಳನ್ನು ಓದಿ ನೋಡಬೇಕು.

ಇಡೀ ಊರಿಗೆ ಸಂಬಂಧಿಸಿದ ಕಾಗದ ಒಂದಿದೆ, ಮಾಸ್ಟರ್ ಪ್ಲಾನ್. ಯಾವ ರಸ್ತೆ ಎಷ್ಟು ಅಗಲ, ಯಾವ ಕೇರಿ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಅಂತ ಅದರಲ್ಲಿರುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ 1961ರ ನಗರ ಯೋಜನಾ ಕಾಯ್ದೆ ಹೇಳುತ್ತದೆ. ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತಾರೆ. ನಮ್ಮ ಗಲ್ಲಿ ಹಳದಿಯಿಂದ ನೀಲಿಗೆ ತಿರುಗಿದ್ದು, ಅಂದರೆ ವಾಸದಿಂದ ವ್ಯಾಪಾರಕ್ಕೆ ಹೋದದ್ದು, ಗೊತ್ತಾಗುವುದು ಆಗ. ಬಣ್ಣ ಬದಲಾದ ಮೇಲೆ ಬೆಲೆ ಬದಲಾಗಲು ಜಾಸ್ತಿ ದಿನ ಬೇಕಿಲ್ಲ.

ಪಕ್ಕದ ಮನೆಯ ಅಜ್ಜಿಗೆ ನಾನು ಹೇಳಿದ್ದು ಇದರಲ್ಲಿ ಅರ್ಧವೂ ಇಲ್ಲ. "ಯಾರಿಗೂ ಸಹಿ ಹಾಕಬೇಡಿ, ಚೌತಿ ಬರಲಿ" ಅಂದೆ. ಗಣಪತಿ ಕೂರಿಸಲು ಮುಂಬೈಯವರು, ಗೋವಾದವರು, ಹುಬ್ಬಳ್ಳಿಯ ಮಗಳು ಎಲ್ಲರೂ ಬರುತ್ತಾರೆ. ಹದಿನಾಲ್ಕು ಹಕ್ಕುದಾರರು ಒಂದೇ ಜಗಲಿಯಲ್ಲಿ ಸಿಗುವುದು ವರ್ಷಕ್ಕೆ ಅದೊಂದೇ ಸಲ. ಅಜ್ಜಿ ಟ್ರಂಕಿನ ಕೀಲಿ ಹುಡುಕಲು ಒಳಗೆ ಹೋದರು.